ಕೇಬಲ್ ಜಾಲದಲ್ಲಿ ಗುಂಪು-ವಿಳಾಸಗಳು

ಕಲಾ ವಿಭಾಗದ ವಿದ್ಯಾರ್ಥಿಗಳೇ ತುಂಬಿರುವ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇಂಥದೊಂದು ಲೇಖನಕ್ಕೆ ಎಡೆಯುಂಟೇ ಎಂದು ಕೆಲವರು ಹುಬ್ಬೇರಿಸಬಹುದು. ತಂತಿ, ಯಂತ್ರ, ಅಂಕೆಗಳ ಗೋಜು ಇಂಜಿನಿಯರರಿಗೆ ಸೇರಿದ್ದು. ಚರಿತ್ರೆಯನ್ನೂ ಅರ್ಥಶಾಸ್ತ್ರವನ್ನೂ ಓದುವವರಿಗೆ ಅದರಿಂದ ಆಗಬೇಕಾದುದೇನು ಎಂಬ ಪ್ರಶ್ನೆ ಸಹಜವಾದುದೇ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಯಂತ್ರದ ಒಳಗುಟ್ಟಿಗಿಂತ ಹೆಚ್ಚಾಗಿ ಒಂದು ಹಂಚಿಕೆಯ ನ್ಯಾಯವನ್ನು. ಒಂದೇ ವಸ್ತುವನ್ನು ಸಾವಿರಾರು ಮನೆಗಳು ಬೇಡುತ್ತವೆ, ದಾರಿಯೋ ಇಕ್ಕಟ್ಟಾದುದು. ಬೇಕೆಂದವರಿಗೆ ತಪ್ಪದೆ ತಲುಪಬೇಕು, ಬೇಡವೆಂದವರ ಬಾಗಿಲನ್ನು ತಟ್ಟಬಾರದು, ದಾರಿಯೂ ಕಟ್ಟಿಹೋಗಬಾರದು. ಈ ಸಮಸ್ಯೆಯನ್ನು ಬಿಡಿಸಿದ ರೀತಿ ಸಮಾಜವನ್ನು ಕುರಿತು ಯೋಚಿಸುವವರಿಗೂ ರುಚಿಸತಕ್ಕುದು.

ಇನ್ನೊಂದು ಕಾರಣವೂ ಇದೆ. ನಮ್ಮ ಗೆಳೆಯರಲ್ಲಿ ಕೆಲವರು ಸಂಜೆಯ ಹೊತ್ತು ಕೇಬಲ್ ಕಛೇರಿಗಳಲ್ಲಿ ದುಡಿದು ಕಾಲೇಜಿನ ಶುಲ್ಕ ಕಟ್ಟುತ್ತಾರೆ. ನಾನೂ ಎರಡು ಬೇಸಗೆ ರಜೆಗಳನ್ನು ಒಂದು ತಾಲ್ಲೂಕು ಪಟ್ಟಣದ ಕಂಟ್ರೋಲ್ ರೂಮಿನಲ್ಲಿ ಕಳೆದೆನು. ಅಲ್ಲಿ ಕೆಲಸ ಮಾಡುವವರು ಗೋಡೆಗೆ ಅಂಟಿಸಿದ ಪಟ್ಟಿಯನ್ನು ನೋಡಿಕೊಂಡು '೨೩೯' ಎಂದು ಮೊದಲಾಗುವ ಅಂಕೆಗಳನ್ನು ಉಪಕರಣಗಳಿಗೆ ಉಣಿಸುತ್ತಿದ್ದರು. ೨೩೯ ಏಕೆ, ೧೯೨ ಏಕಾಗಬಾರದು ಎಂದು ಕೇಳಿದರೆ, "ಅದು ಹಾಗೇ ಕಣಪ್ಪ" ಎಂಬುದಷ್ಟೇ ಉತ್ತರ. ಆ 'ಹಾಗೇ' ಎಂಬುದನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಕಳುಹಿಸುವ ಮೂರು ಬಗೆ

ಸುದ್ದಿಯನ್ನು ಮುಟ್ಟಿಸಲು ಹಳ್ಳಿಯಲ್ಲಿ ಎಷ್ಟು ದಾರಿಗಳುಂಟೆಂಬುದನ್ನು ಮೊದಲು ನೆನೆಯೋಣ. ಒಬ್ಬನಿಗೆ ಹೇಳಬೇಕಾದರೆ ಕಾಗದ ಬರೆಯುತ್ತೇವೆ. ಎಲ್ಲರಿಗೂ ಹೇಳಬೇಕಾದರೆ ಡಂಗುರ ಸಾರಿಸುತ್ತೇವೆ. ಇವೆರಡರ ನಡುವೆ ಮೂರನೆಯದೊಂದಿದೆ: ಮಾಸಪತ್ರಿಕೆಯ ಚಂದಾದಾರರು. ಪತ್ರಿಕೆ ಒಬ್ಬನಿಗಾಗಿ ಅಚ್ಚಾಗುವುದಿಲ್ಲ, ಊರಿನವರೆಲ್ಲರಿಗೂ ಬರುವುದಿಲ್ಲ. ಹೆಸರು ಬರೆಸಿದವರಿಗೆ ಮಾತ್ರ ಬರುತ್ತದೆ. ಯಂತ್ರಗಳ ಜಾಲದಲ್ಲಿ ಮೊದಲನೆಯದಕ್ಕೆ ಯುನಿಕಾಸ್ಟ್ ಎಂದೂ ಎರಡನೆಯದಕ್ಕೆ ಬ್ರಾಡ್‌ಕಾಸ್ಟ್ ಎಂದೂ ಮೂರನೆಯದಕ್ಕೆ ಮಲ್ಟಿಕಾಸ್ಟ್ ಎಂದೂ ಹೆಸರು.

ಈ ಭೇದವನ್ನು ಲೆಕ್ಕದಿಂದ ನೋಡುವುದು ಲೇಸು. ಒಂದು ಸಾಧಾರಣ ಟೆಲಿವಿಷನ್ ಚಾನೆಲ್ಲಿನ ಚಿತ್ರ ಮತ್ತು ಧ್ವನಿಗೆ ಸೆಕೆಂಡಿಗೆ ೪೦ ಲಕ್ಷ ಬಿಟ್‌ಗಳು ಬೇಕೆಂದು ಇಟ್ಟುಕೊಳ್ಳೋಣ. ಕಂಟ್ರೋಲ್ ರೂಮಿನಿಂದ ಒಂದು ಬಡಾವಣೆಗೆ ಹೋಗುವ ತಂತು ಸೆಕೆಂಡಿಗೆ ೧೦೦ ಕೋಟಿ ಬಿಟ್‌ಗಳನ್ನು ಹೊರಬಲ್ಲುದು. ಆ ಬಡಾವಣೆಯ ೫೦೦ ಮನೆಗಳು ಒಂದೇ ಪಂದ್ಯವನ್ನು ನೋಡಲು ಕುಳಿತವೆನ್ನಿ. ಮನೆಗೊಂದು ಪ್ರತಿಯಂತೆ ಕಾಗದದ ರೀತಿಯಲ್ಲಿ ಕಳುಹಿಸಿದರೆ ೨೦೦ ಕೋಟಿ ಬಿಟ್‌ಗಳಾದುವು. ತಂತು ಅರ್ಧದಲ್ಲಿಯೇ ಸೋತಿತು. ಮಲ್ಟಿಕಾಸ್ಟಿನ ರೀತಿಯಲ್ಲಾದರೆ ತಂತುವಿನ ಮೇಲೆ ಒಂದೇ ಪ್ರತಿ, ೪೦ ಲಕ್ಷ ಬಿಟ್‌ಗಳು ಮಾತ್ರ. ನೋಡುವವರು ಐನೂರರಿಂದ ಐದು ಸಾವಿರವಾದರೂ ಆ ಭಾಗದಲ್ಲಿ ಹೊರೆ ಹೆಚ್ಚುವುದಿಲ್ಲ. ದಾರಿ ಕವಲೊಡೆಯುವ ಎಡೆಯಲ್ಲಿ ಮಾತ್ರ ಪ್ರತಿ ಎರಡಾಗುತ್ತದೆ.

ಕಾಲುವೆಯ ಚಿತ್ರ ಇಲ್ಲಿ ಒದಗಿಬರುತ್ತದೆ. ದೊಡ್ಡ ನಾಲೆಯಿಂದ ಉಪನಾಲೆ, ಅದರಿಂದ ಹೊಲಗಾಲುವೆ; ಯಾವ ಗದ್ದೆಯ ತೂಬು ತೆರೆದಿದೆಯೋ ಆ ಗದ್ದೆಗೆ ನೀರು. ಒಂದೇ ವ್ಯತ್ಯಾಸವೆಂದರೆ ನೀರು ಹಂಚಿದಷ್ಟೂ ಕಡಮೆಯಾಗುತ್ತದೆ. ಇಲ್ಲಿ ಪ್ರತಿ ಕವಲಿಗೂ ಪೂರ್ಣ ಪಾಲೇ ಸಿಕ್ಕುತ್ತದೆ.

ಗುಂಪಿಗೊಂದು ವಿಳಾಸ

ಹಾಗಾದರೆ ಇಂಥ ಪೊಟ್ಟಣದ ಮೇಲೆ ಯಾರ ವಿಳಾಸವನ್ನು ಬರೆಯಬೇಕು? ಇಂಟರ್‌ನೆಟ್ಟಿನ ನಾಲ್ಕನೆಯ ಆವೃತ್ತಿಯ ನಿಯಮದಲ್ಲಿ ಪ್ರತಿಯೊಂದು ಯಂತ್ರಕ್ಕೂ ನಾಲ್ಕು ಅಂಕೆಗಳ ಒಂದು ವಿಳಾಸ. ಪ್ರತಿ ಅಂಕೆಯೂ ೦ಯಿಂದ ೨೫೫ರವರೆಗೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧಕರಾಗಿದ್ದ ಸ್ಟೀವ್ ಡೀರಿಂಗ್ ಎಂಬುವರು ತಮ್ಮ ಗುರು ಡೇವಿಡ್ ಚೆರಿಟನ್ ಅವರೊಡನೆ ೧೯೮೫ರಿಂದಲೇ ಈ ಪ್ರಶ್ನೆಯನ್ನು ಬಿಡಿಸತೊಡಗಿದರು. ಡೀರಿಂಗರು ೧೯೮೯ರಲ್ಲಿ ಬರೆದ ನಿಯಮಪತ್ರ ಇಂದಿಗೂ ಈ ಶಾಸ್ತ್ರದ ತಳಹದಿ. ಅದರಂತೆ ೨೨೪.೦.೦.೦ ಮೊದಲ್ಗೊಂಡು ೨೩೯.೨೫೫.೨೫೫.೨೫೫ರವರೆಗಿನ ವಿಳಾಸಗಳು ಗುಂಪುಗಳಿಗೆ ಮೀಸಲು. ಎರಡರ ಲೆಕ್ಕದಲ್ಲಿ ಬರೆದಾಗ ಇವುಗಳ ಮೊದಲ ನಾಲ್ಕು ಬಿಟ್‌ಗಳು ೧೧೧೦ ಆಗಿರುತ್ತವೆ. ಉಳಿದ ೨೮ ಬಿಟ್‌ಗಳಿಂದ ೨೬,೮೪,೩೫,೪೫೬ ಗುಂಪುಗಳಿಗೆ ವಿಳಾಸ ಕೊಡಬಹುದು.

ಇಲ್ಲಿ ಒಂದು ತತ್ತ್ವವನ್ನು ಗಮನಿಸಬೇಕು. ೧೯೨ ಎಂದು ಮೊದಲಾಗುವ ವಿಳಾಸ ಒಂದು ಮನೆಯನ್ನು ತೋರಿಸುತ್ತದೆ. ೨೩೯ ಎಂದು ಮೊದಲಾಗುವ ವಿಳಾಸ ಯಾವ ಮನೆಯನ್ನೂ ತೋರಿಸುವುದಿಲ್ಲ. ಅದು ಒಂದು ವಸ್ತುವಿನ ಹೆಸರು. ಆ ವಸ್ತು ಯಾರಿಗೆ ಬೇಕೋ ಅವರೆಲ್ಲರೂ ಆ ಹೊತ್ತಿಗೆ ಆ ಗುಂಪಿನವರು. ಗುಂಪಿಗೆ ಸೇರಬಹುದು, ಬಿಡಬಹುದು. ಕಳುಹಿಸುವವನಿಗೆ ಸದಸ್ಯರ ಪಟ್ಟಿ ಗೊತ್ತಿರಬೇಕಾದ ಅಗತ್ಯವಿಲ್ಲ. ಆದಕಾರಣ ಗುಂಪು-ವಿಳಾಸವು ಪೊಟ್ಟಣವನ್ನು ಪಡೆಯುವ ಕಡೆಯದಾಗಿರಬಹುದೇ ಹೊರತು ಕಳುಹಿಸುವ ಕಡೆಯದಾಗಿ ಎಂದಿಗೂ ಇರಲಾರದು.

ಈ ವಿಶಾಲವಾದ ಸೀಮೆಯನ್ನು ಹೋಬಳಿಗಳಂತೆ ವಿಂಗಡಿಸಿದ್ದಾರೆ. ೨೨೪.೦.೦ ಎಂದು ಮೊದಲಾಗುವ ೨೫೬ ವಿಳಾಸಗಳು ಒಂದೇ ಕೇರಿಯೊಳಗಿನ ಮಾತುಕತೆಗೆ. ಇವನ್ನು ಯಾವ ರೂಟರೂ ಮುಂದಕ್ಕೆ ದಾಟಿಸಕೂಡದು. ೨೨೪.೦.೦.೧ ಎಂದರೆ ಆ ಕೇರಿಯ ಸಮಸ್ತ ಯಂತ್ರಗಳು, ೨೨೪.೦.೦.೨ ಎಂದರೆ ಅಲ್ಲಿನ ಎಲ್ಲ ರೂಟರುಗಳು. ೨೩೨ ಎಂದು ಮೊದಲಾಗುವ ಭಾಗದಲ್ಲಿ ಗುಂಪಿನ ಹೆಸರೊಂದೇ ಸಾಲದು. "ಇಂಥ ಮೂಲದಿಂದ ಬರುವ ಇಂಥ ಗುಂಪು" ಎಂದು ಎರಡನ್ನೂ ಹೇಳಿ ಬೇಡಬೇಕು. ೨೩೩ ಎಂಬುದು ಅಂತರರಾಷ್ಟ್ರೀಯವಾಗಿ ನೋಂದಾಯಿಸಿದ ಜಾಲಸಂಸ್ಥೆಗಳಿಗೆ. ಸಂಸ್ಥೆಯ ನೋಂದಣಿ ಸಂಖ್ಯೆಯನ್ನು ನಡುವಣ ಎರಡು ಅಂಕೆಗಳಾಗಿ ಒಡೆದು ಬರೆದರೆ ಅದಕ್ಕೆ ೨೫೬ ವಿಳಾಸಗಳು ತಾವಾಗಿ ದೊರೆಯುತ್ತವೆ. ಉದಾಹರಣೆಗೆ, ನೋಂದಣಿ ಸಂಖ್ಯೆ ೫೬೬೨ ಎಂದಿದ್ದರೆ, ಅದು ೨೨ನ್ನು ೨೫೬ರಿಂದ ಗುಣಿಸಿ ೩೦ನ್ನು ಕೂಡಿಸಿದುದಕ್ಕೆ ಸಮ. ಆದ್ದರಿಂದ ಅವರ ಪಾಲು ೨೩೩.೨೨.೩೦ ಎಂದು ಮೊದಲಾಗುತ್ತದೆ.

ಕೊನೆಯದಾದ ೨೩೯ ನಮಗೆ ಮುಖ್ಯವಾದುದು. ೧೯೯೮ರ ನಿಯಮದಂತೆ ಇದು ಒಂದು ಸಂಸ್ಥೆಯ ಸ್ವಂತ ಆವರಣದೊಳಗಿನ ಬಳಕೆಗೆ. ಯಾರನ್ನೂ ಕೇಳದೆ ಯಾರು ಬೇಕಾದರೂ ಬಳಸಬಹುದು. ಆದರೆ ಬೇಲಿಯಾಚೆಗೆ ಹರಿಯಲು ಬಿಡಕೂಡದು. ನಮ್ಮ ಊರಿನ ಕೇಬಲ್ಲಿನವರೂ ನೆರೆಯೂರಿನವರೂ ಬೇರೆ ಬೇರೆ ಚಾನೆಲ್ಲುಗಳಿಗೆ ಅದೇ ೨೩೯.೧೦.೫.೭ನ್ನು ಇಟ್ಟುಕೊಂಡರೂ ತಕರಾರಿಲ್ಲ. ಪ್ರತಿ ಊರಿನಲ್ಲಿಯೂ ಒಂದು 'ಕೋಟೆ ಬೀದಿ' ಇರುವಂತೆ. ಗೋಡೆಯ ಮೇಲಿನ ಪಟ್ಟಿಯಲ್ಲಿ ೨೩೯ ಏಕಿತ್ತೆಂಬ ಪ್ರಶ್ನೆಗೆ ಇದೇ ಉತ್ತರ.

ಕಂಟ್ರೋಲ್ ರೂಮಿನ ಒಳಗೆ

ಕೇಬಲ್ ಟೆಲಿವಿಷನ್ನಿಗೂ ಇದಕ್ಕೂ ಸಂಬಂಧ ಬಂದುದು ಹೇಗೆಂಬುದನ್ನು ಹೇಳಬೇಕು. ಹಿಂದಿನ ಅನಲಾಗ್ ಪದ್ಧತಿಯಲ್ಲಿ ಚಾನೆಲ್ಲಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ತಂತಿ. ಎಲ್ಲವನ್ನೂ ಕೂಡಿಸಿ ಕೇಬಲ್ಲಿಗೆ ಬಿಡುತ್ತಿದ್ದರು. ೨೦೧೧ರಲ್ಲಿ ಕೇಬಲ್ ಕಾನೂನಿಗೆ ತಿದ್ದುಪಡಿಯಾಗಿ ಡಿಜಿಟಲ್ ಪದ್ಧತಿ ಕಡ್ಡಾಯವಾಯಿತು. ಬೆಂಗಳೂರು ಮತ್ತು ಮೈಸೂರು ಎರಡನೆಯ ಹಂತದ ೩೮ ನಗರಗಳಲ್ಲಿ ಸೇರಿದ್ದು, ಅವುಗಳಿಗೆ ೨೦೧೩ರ ಮಾರ್ಚ್ ೩೧ ಗಡುವಾಗಿದ್ದಿತು. ಸಣ್ಣ ಊರುಗಳ ಸರದಿ ಕೊನೆಯ ಹಂತದಲ್ಲಿ ಬಂದಿತು. ಅದರ ಗಡುವು ೨೦೧೭ರ ಮಾರ್ಚ್ ೩೧. ಅಂದಿನಿಂದ ನಮ್ಮಂಥ ಊರುಗಳ ಕಂಟ್ರೋಲ್ ರೂಮುಗಳಿಗೂ ಸ್ವಿಚ್ಚು, ರೂಟರುಗಳು ಬಂದುವು.

ಈಗಿನ ಏರ್ಪಾಟು ಹೀಗಿದೆ. ಉಪಗ್ರಹದಿಂದ ಬಂದ ಚಾನೆಲ್ಲನ್ನು ಒಂದು ಉಪಕರಣ ಬಿಡಿಸಿ, ೧೮೮ ಬೈಟ್‌ಗಳ ಸಣ್ಣ ತುಂಡುಗಳನ್ನಾಗಿ ಮಾಡುತ್ತದೆ. ಇಂಥ ಏಳು ತುಂಡುಗಳನ್ನು, ಎಂದರೆ ೧,೩೧೬ ಬೈಟ್‌ಗಳನ್ನು, ಒಂದು ಪೊಟ್ಟಣದಲ್ಲಿ ಕಟ್ಟಿ ಗುಂಪು-ವಿಳಾಸವನ್ನು ಬರೆದು ಸ್ವಿಚ್ಚಿಗೆ ಕೊಡುವುದು ವಾಡಿಕೆ. ಚಾನೆಲ್ಲಿಗೊಂದು ಗುಂಪು. ಆಚೆಯ ತುದಿಯಲ್ಲಿ 'ಎಜ್ ಕ್ವಾಮ್' ಎಂಬ ಉಪಕರಣ ತನಗೆ ಬೇಕಾದ ಗುಂಪುಗಳನ್ನು ಕರೆಸಿಕೊಂಡು ಕೇಬಲ್ಲಿನ ಅಲೆಗಳ ಮೇಲೆ ಏರಿಸುತ್ತದೆ. ಹಳೆಯ ಒಂದು ಅನಲಾಗ್ ಚಾನೆಲ್ಲಿಗೆ ಹಿಡಿಯುತ್ತಿದ್ದ ೮ ಮೆಗಾಹರ್ಟ್ಸ್ ಜಾಗದಲ್ಲಿ, ೬೪ ಮೆಟ್ಟಿಲುಗಳ ಕ್ವಾಮ್ ಪದ್ಧತಿಯಿಂದ, ಸೆಕೆಂಡಿಗೆ ಸುಮಾರು ೩ ಕೋಟಿ ೮೦ ಲಕ್ಷ ಬಿಟ್‌ಗಳನ್ನು ಕಳುಹಿಸಬಹುದು. ನಮ್ಮ ಲೆಕ್ಕದ ೪೦ ಲಕ್ಷದಂತೆ ಭಾಗಿಸಿದರೆ ಒಂದರ ಜಾಗದಲ್ಲಿ ಒಂಬತ್ತು ಚಾನೆಲ್ಲುಗಳು.

ಇನ್ನೂರು ಚಾನೆಲ್ಲುಗಳೆಂದರೆ ಸೆಕೆಂಡಿಗೆ ೮೦ ಕೋಟಿ ಬಿಟ್‌ಗಳು. ಸ್ವಿಚ್ಚಿಗೆ ವಿವೇಕವಿಲ್ಲದಿದ್ದರೆ ಗುಂಪಿನ ಪೊಟ್ಟಣವನ್ನು ಡಂಗುರದಂತೆ ಎಲ್ಲ ಬಾಗಿಲುಗಳಿಗೂ ಸುರಿಯುತ್ತದೆ. ಕಛೇರಿಯ ಮೂಲೆಯಲ್ಲಿ ಲೆಕ್ಕ ಬರೆಯುವ ಹಳೆಯ ಕಂಪ್ಯೂಟರಿನ ಬಾಗಿಲು ೧೦ ಕೋಟಿಯದಾದರೆ, ಅದು ೮೦ ಕೋಟಿಯ ಪ್ರವಾಹದಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ಯಾವ ಬಾಗಿಲಿನಲ್ಲಿ ಯಾವ ಗುಂಪನ್ನು ಕೇಳಿದ್ದಾರೆಂದು ಸ್ವಿಚ್ಚು ಕಿವಿಗೊಟ್ಟು ಆಲಿಸಿ, ಅಲ್ಲಿಗೆ ಮಾತ್ರ ಕಳುಹಿಸಬೇಕು. ಇದಕ್ಕೆ 'ಸ್ನೂಪಿಂಗ್' ಎನ್ನುತ್ತಾರೆ.

ಮೂವತ್ತೆರಡು ಮನೆಗೆ ಒಂದೇ ಬಾಗಿಲು

ಈಗ ಅಂಕೆಗಳನ್ನು ಆರಿಸುವಾಗ ಎಚ್ಚರವೇಕೆ ಬೇಕೆಂಬ ವಿಚಾರ. ಸ್ವಿಚ್ಚು ಸಾಮಾನ್ಯವಾಗಿ ನೋಡುವುದು ಮೇಲೆ ಹೇಳಿದ ವಿಳಾಸವನ್ನಲ್ಲ; ಪೊಟ್ಟಣದ ಹೊರಹೊದಿಕೆಯ ಮೇಲಿರುವ ೪೮ ಬಿಟ್‌ಗಳ ಈಥರ್‌ನೆಟ್ ವಿಳಾಸವನ್ನು. ಅದನ್ನು ಹದಿನಾರರ ಲೆಕ್ಕದಲ್ಲಿ ಬರೆಯುವುದು ರೂಢಿ. ಒಂಬತ್ತರ ಮುಂದೆ ಹತ್ತಕ್ಕೆ ಎ, ಹನ್ನೊಂದಕ್ಕೆ ಬಿ, ಹೀಗೆ. ಗುಂಪುಗಳಿಗೆಂದು ಅಲ್ಲಿ ೦೧-೦೦-೫ಇ ಎಂಬ ತಲೆಬರಹವನ್ನು ಗೊತ್ತುಮಾಡಿದರು. ಆದರೆ ಅದರ ಕೆಳಗೆ ದೊರೆತುದು ೨೩ ಬಿಟ್‌ಗಳ ಜಾಗ ಮಾತ್ರ. ಗುಂಪು-ವಿಳಾಸಕ್ಕೆ ಬೇಕಾದುದು ೨೮. ಐದು ಬಿಟ್‌ಗಳು ಹೊರಗುಳಿದುವು. ಎರಡನ್ನು ಐದು ಸಲ ಗುಣಿಸಿದರೆ ೩೨. ಎಂದರೆ ೩೨ ಬೇರೆ ಬೇರೆ ಗುಂಪುಗಳಿಗೆ ಹೊರಹೊದಿಕೆಯ ಮೇಲೆ ಒಂದೇ ವಿಳಾಸ!

ಇದನ್ನು ಕಾಗದ, ಪೆನ್ಸಿಲ್ ಇಲ್ಲದೆ ಲೆಕ್ಕ ಹಾಕಬಹುದು. ಮೊದಲ ಅಂಕೆಯನ್ನು ಬಿಟ್ಟುಬಿಡಿ. ಎರಡನೆಯ ಅಂಕೆ ೧೨೮ ಅಥವಾ ಹೆಚ್ಚಾಗಿದ್ದರೆ ಅದರಿಂದ ೧೨೮ನ್ನು ಕಳೆಯಿರಿ. ಉಳಿದುವು ಇದ್ದಂತೆಯೇ. ೨೩೯.೧೦.೫.೭ರ ಹೊದಿಕೆ ೦೧-೦೦-೫ಇ-೦ಎ-೦೫-೦೭. ೨೩೯.೧೩೮.೫.೭ನ್ನು ತೆಗೆದುಕೊಂಡರೆ, ೧೩೮ರಲ್ಲಿ ೧೨೮ ಹೋಗಿ ಹತ್ತೇ ಉಳಿಯಿತು, ಅದೇ ಹೊದಿಕೆ! ಮೊದಲ ಅಂಕೆ ೨೨೪ರಿಂದ ೨೩೯ರವರೆಗೆ ಹದಿನಾರು ರೀತಿ, ಎರಡನೆಯದು ಎರಡು ರೀತಿ, ಒಟ್ಟು ೩೨.

ಪರಿಣಾಮವೇನು? ಇಂಥ ಎರಡು ಗುಂಪುಗಳನ್ನು ಎರಡು ಚಾನೆಲ್ಲುಗಳಿಗೆ ಇಟ್ಟರೆ, ಹೊದಿಕೆಯನ್ನಷ್ಟೇ ನೋಡುವ ಸ್ವಿಚ್ಚು ಒಂದನ್ನು ಕೇಳಿದವನಿಗೆ ಎರಡನ್ನೂ ಕೊಡುತ್ತದೆ. ಪಡೆದ ಯಂತ್ರ ಒಳವಿಳಾಸವನ್ನು ನೋಡಿ ಬೇಡದುದನ್ನು ಎಸೆಯುತ್ತದೆಂಬುದು ನಿಜ. ಆದರೆ ದಾರಿಯ ಮೇಲಿನ ಹೊರೆ ಎರಡು ಪಟ್ಟಾಯಿತು. ಇದಕ್ಕಿಂತ ಕೆಟ್ಟದ್ದು ೨೩೯.೦.೦ ಅಥವಾ ೨೩೯.೧೨೮.೦ ಎಂದು ಮೊದಲಾಗುವ ವಿಳಾಸಗಳನ್ನು ಆರಿಸುವುದು. ಇವುಗಳ ಹೊದಿಕೆ ೨೨೪.೦.೦ ಎಂಬ ಕೇರಿಮಾತಿನ ಹೊದಿಕೆಯೊಡನೆ ಒಂದಾಗುತ್ತದೆ. ಕೇರಿಮಾತನ್ನು ಎಲ್ಲ ಬಾಗಿಲುಗಳಿಗೂ ಮುಟ್ಟಿಸುವುದು ಸ್ವಿಚ್ಚಿನ ಧರ್ಮವಾದುದರಿಂದ, ಅನೇಕ ಸ್ವಿಚ್ಚುಗಳು ಈ ಚಾನೆಲ್ಲುಗಳನ್ನೂ ಎಲ್ಲೆಡೆ ಸುರಿದುಬಿಡುತ್ತವೆ. ಯಂತ್ರದಲ್ಲಿ ದೋಷವಿಲ್ಲ, ತಂತಿಯಲ್ಲಿ ದೋಷವಿಲ್ಲ. ಅಂಕೆಯ ಆಯ್ಕೆಯಲ್ಲಿ ದೋಷ. ಇಂಟರ್‌ನೆಟ್ಟಿನ ಆರನೆಯ ಆವೃತ್ತಿಯಲ್ಲಿ ಈ ಜಾಗವನ್ನು ೩೨ ಬಿಟ್‌ಗಳಿಗೆ ಹಿಗ್ಗಿಸಿದ್ದಾರೆ. ಡಂಗುರದ ಪದ್ಧತಿಯನ್ನಂತೂ ಅಲ್ಲಿ ತೆಗೆದೇ ಹಾಕಿದ್ದಾರೆ.

ದಾರಿ ಕಾಣುವ ಬಗೆ

ಒಂದು ಸ್ವಿಚ್ಚಿನಾಚೆಗೆ, ಹೋಬಳಿಯ ಊರುಗಳಿಗೆ, ಚಾನೆಲ್ಲು ಹೋಗಬೇಕಾದರೆ ನಡುವೆ ರೂಟರುಗಳಿರುತ್ತವೆ. ಸಾಮಾನ್ಯ ಪೊಟ್ಟಣ ಬಂದಾಗ ರೂಟರು "ಇದು ಎಲ್ಲಿಗೆ ಹೋಗಬೇಕು?" ಎಂದು ಕೇಳಿಕೊಳ್ಳುತ್ತದೆ. ಗುಂಪಿನ ಪೊಟ್ಟಣಕ್ಕೆ ಮನೆಯೇ ಇಲ್ಲವಾದುದರಿಂದ "ಇದು ಎಲ್ಲಿಂದ ಬಂದಿತು?" ಎಂದು ಕೇಳುತ್ತದೆ. "ಇದರ ಮೂಲಕ್ಕೆ ನಾನೇ ಏನಾದರೂ ಕಳುಹಿಸುವುದಾದರೆ ಯಾವ ಬಾಗಿಲಿನಿಂದ ಕಳುಹಿಸುತ್ತಿದ್ದೆ? ಅದೇ ಬಾಗಿಲಿನಿಂದ ಇದು ಬಂದಿದೆಯೇ?" ಹೌದಾದರೆ ಸ್ವೀಕಾರ; ಅಲ್ಲವಾದರೆ ತಿರಸ್ಕಾರ. ಸುತ್ತುಬಳಸಿ ಬಂದ ಪ್ರತಿಗಳು ಜಾಲದಲ್ಲಿ ಬುಗುರಿಯಂತೆ ತಿರುಗುವುದನ್ನು ಈ ಒಂದು ಪ್ರಶ್ನೆ ತಡೆಯುತ್ತದೆ. ಈ ಉಪಾಯವನ್ನು ೧೯೭೮ರಲ್ಲಿ ಪ್ರಕಟಿಸಿದವರು ಇಬ್ಬರು: ಮುಂಬಯಿಯ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ಹೋದ ಯೋಗೇನ್ ದಲಾಲ್ ಮತ್ತು ಈಥರ್‌ನೆಟ್ಟಿನ ಜನಕರಲ್ಲೊಬ್ಬರಾದ ರಾಬರ್ಟ್ ಮೆಟ್‌ಕಾಫ್.

ಗುಂಪಿನ ಮರವನ್ನು ಬೆಳೆಸುವ ಕೆಲಸ 'ಪಿಮ್' ಎಂಬ ನಿಯಮದ್ದು. ಅದರ ಹೆಚ್ಚು ಬಳಕೆಯ ರೂಪದಲ್ಲಿ ಬೇಡಿಕೆ ಎಲೆಯಿಂದ ಬೇರಿನ ಕಡೆಗೆ ನಡೆಯುತ್ತದೆ. ತುದಿಯ ರೂಟರಿಗೆ ಬೇಡಿಕೆ ಬಂದರೆ ಅದು ತನ್ನ ಮೇಲಿನ ರೂಟರನ್ನು ಕೇಳುತ್ತದೆ; ಅದು ತನ್ನ ಮೇಲಿನದನ್ನು. ಯಾವುದಾದರೊಂದು ಎಡೆಯಲ್ಲಿ ಆ ಚಾನೆಲ್ಲು ಆಗಲೇ ಹರಿಯುತ್ತಿದ್ದರೆ ಅಲ್ಲಿಂದಲೇ ಕವಲು ಒಡೆಯುತ್ತದೆ. ಮೂಲ ಯಾವುದೆಂದು ಕೇಳುವವನಿಗೆ ತಿಳಿಯದಿದ್ದಾಗ ಇಬ್ಬರೂ ಸಂಧಿಸುವುದಕ್ಕೆ ಒಂದು ರೂಟರನ್ನು ಗೊತ್ತುಮಾಡಿರುತ್ತಾರೆ, ಸಂತೆಯ ಮಾಳದಂತೆ.

ಪ್ರತಿ ಪೊಟ್ಟಣಕ್ಕೂ ಒಂದು ಆಯುಸ್ಸಿನ ಅಂಕೆಯುಂಟು. ರೂಟರನ್ನು ದಾಟಿದಾಗಲೆಲ್ಲ ಒಂದು ಕಡಮೆಯಾಗುತ್ತದೆ. ೧೯೮೯ರ ನಿಯಮದಂತೆ, ಬೇರೆ ಹೇಳದಿದ್ದರೆ ಗುಂಪಿನ ಪೊಟ್ಟಣಕ್ಕೆ ಆಯುಸ್ಸು ಒಂದೇ. ಕಂಟ್ರೋಲ್ ರೂಮಿನೊಳಗೆ ಅಚ್ಚುಕಟ್ಟಾಗಿ ಕಾಣುವ ಚಾನೆಲ್ಲು ಹೊಸ್ತಿಲಾಚೆಗೆ ಹೋಗದಿದ್ದರೆ ಮೊದಲು ಈ ಅಂಕೆಯನ್ನು ನೋಡಬೇಕೆಂದು ಅನುಭವಿಗಳು ಹೇಳುತ್ತಾರೆ.

ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು

ಇದುವರೆಗೆ ಹೇಳಿದುದೆಲ್ಲ ಬೇಡಿಕೆಯ ಮೇಲೆ ನಿಂತಿದೆ. ಆ ಬೇಡಿಕೆಯ ಭಾಷೆಗೆ 'ಐ.ಜಿ.ಎಂ.ಪಿ.' ಎಂದು ಹೆಸರು. ಗುಂಪು ಬೇಕಾದ ಯಂತ್ರ ಒಮ್ಮೆ "ನನಗೆ ಬೇಕು" ಎನ್ನುತ್ತದೆ. ಆದರೆ ಒಮ್ಮೆ ಕೇಳಿದವನು ಕರೆಂಟು ಹೋಗಿ ಸತ್ತಿರಬಹುದಲ್ಲ? ಆದುದರಿಂದ ಕೇರಿಯ ರೂಟರೊಂದು ನೀರುಗಂಟಿಯ ಹಾಗೆ ಗೊತ್ತಾದ ಹೊತ್ತಿಗೆ "ಯಾರಿಗೆ ಏನು ಬೇಕು?" ಎಂದು ಕೂಗುತ್ತ ಬರುತ್ತದೆ, ಬೇಕಾದವರು ಉತ್ತರ ಕೊಡಬೇಕು. ಈ ಕೂಗಿನ ವಾಡಿಕೆಯ ಅಂತರ ೧೨೫ ಸೆಕೆಂಡು. ಎರಡು ಕೂಗಿನ ಕಾಲ, ಅದರ ಮೇಲೆ ಉತ್ತರಕ್ಕೆ ೧೦ ಸೆಕೆಂಡು, ಒಟ್ಟು ೨೬೦ ಸೆಕೆಂಡುಗಳ ಒಳಗೆ ಉತ್ತರ ಬಾರದಿದ್ದರೆ ಆ ಬಾಗಿಲಿಗೆ ಗುಂಪನ್ನು ನಿಲ್ಲಿಸಲಾಗುತ್ತದೆ.

ಈ ಒಣ ಅಂಕೆಯ ಬೆಲೆ ನನಗೆ ತಿಳಿದುದು ನಾನಿದ್ದ ಕಂಟ್ರೋಲ್ ರೂಮಿನಲ್ಲಿ. ಒಂದು ಮಧ್ಯಾಹ್ನ ಅಲ್ಲಿಯ ಹಳೆಯ ರೂಟರನ್ನು ರಿಪೇರಿಗೆಂದು ಬಿಚ್ಚಿ ಒಯ್ದರು. ಊರಿನೊಳಗಿನ ಚಾನೆಲ್ಲುಗಳು ಸ್ವಿಚ್ಚಿನ ಮೂಲಕವೇ ಹೋಗುತ್ತಿದ್ದುದರಿಂದ ತೊಂದರೆಯಿಲ್ಲವೆಂದುಕೊಂಡರು. ಅದೇ ದಿನ, ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದ ಹುಡುಗನೊಬ್ಬನು ಹೊಸದೊಂದು ಎಜ್ ಕ್ವಾಮನ್ನು ಜೋಡಿಸಿದ್ದನು. ಸಂಜೆ ಚಾನೆಲ್ಲುಗಳು ಒಂದೊಂದಾಗಿ ಕಪ್ಪಾದುವು. ಉಪಕರಣವನ್ನು ಆರಿಸಿ ಹಚ್ಚಿದರೆ ಚಿತ್ರ ಬರುವುದು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಮತ್ತೆ ಕಪ್ಪು. ದೂರವಾಣಿ ಬಡಿದುಕೊಳ್ಳುತ್ತಲೇ ಇದ್ದಿತು. ಮಾಲೀಕರ ಕೋಪವೆಲ್ಲ ಆ ಹುಡುಗನ ಮೇಲೆ. "ನಾಳೆಯಿಂದ ನೀನು ಬರಬೇಡ" ಎಂಬ ಮಾತೂ ಆಗಿಹೋಯಿತು. ಅವನ ಪರೀಕ್ಷಾ ಶುಲ್ಕಕ್ಕೆ ಆ ತಿಂಗಳ ಸಂಬಳವೇ ಆಧಾರವೆಂಬುದು ನಮಗೆಲ್ಲ ಗೊತ್ತಿದ್ದ ವಿಷಯ.

ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ತಂತಿಗಳನ್ನು ಮುಟ್ಟಲೇ ಇಲ್ಲ. ಗೋಡೆಯ ಗಡಿಯಾರವನ್ನು ನೋಡುತ್ತ, ಮೂರು ಸಲ ಉಪಕರಣವನ್ನು ಆರಿಸಿ ಹಚ್ಚಿಸಿ, ಬಂದ ಹೊತ್ತನ್ನೂ ಹೋದ ಹೊತ್ತನ್ನೂ ರಟ್ಟಿನ ಚೂರಿನ ಮೇಲೆ ಗುರುತು ಹಾಕಿಕೊಂಡರು. ಮೂರು ಸಲವೂ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿನ ಆಸುಪಾಸು.

"ಕೆಟ್ಟ ಯಂತ್ರ ಗಡಿಯಾರ ನೋಡಿಕೊಂಡು ಕೆಡುವುದಿಲ್ಲ ಸ್ವಾಮಿ. ಇದು ಹುಡುಗನ ತಪ್ಪಲ್ಲ" ಎಂದರು ಮಾಲೀಕರಿಗೆ.

"ಹಾಗಾದರೆ ಇನ್ನೇನಣ್ಣಾ?" ಎಂದು ಹುಡುಗನು ಕೇಳಿದನು.

"ಯಾರಿಗೆ ಬೇಕು ಅಂತ ಕೇಳೋನೇ ಇಲ್ಲ ಕಣೋ. ಕೇಳುತ್ತಿದ್ದ ರೂಟರು ರಿಪೇರಿಗೆ ಹೋಗಿದೆ."

ಹಾಗೆಯೇ ಆಗಿದ್ದಿತು. ಹೊಸ ಉಪಕರಣ ಹಚ್ಚಿದೊಡನೆ ತಾನಾಗಿ ಒಮ್ಮೆ "ಬೇಕು" ಎನ್ನುತ್ತಿದ್ದಿತು. ಸ್ವಿಚ್ಚು ಅದನ್ನು ಆಲಿಸಿ ಚಾನೆಲ್ಲುಗಳನ್ನು ಬಿಡುತ್ತಿದ್ದಿತು. ಅನಂತರ ಕೂಗುವವರೇ ಇಲ್ಲದುದರಿಂದ ಉತ್ತರವೂ ಇಲ್ಲ. ೨೬೦ ಸೆಕೆಂಡು ಕಳೆದೊಡನೆ ಸ್ವಿಚ್ಚು ನ್ಯಾಯವಾಗಿಯೇ ಬಾಗಿಲು ಮುಚ್ಚುತ್ತಿದ್ದಿತು. ಕೂಗುವ ಕೆಲಸವನ್ನು ಸ್ವಿಚ್ಚೇ ವಹಿಸಿಕೊಳ್ಳುವಂತೆ ಒಂದು ಸಾಲಿನ ಆಜ್ಞೆ ಕೊಟ್ಟುದರಿಂದ ಊರಿಗೆ ಚಿತ್ರ ಮರಳಿತು. ಹುಡುಗನು ಮರುದಿನವೂ ಕೆಲಸಕ್ಕೆ ಬಂದನು, ಪರೀಕ್ಷೆಗೂ ಕುಳಿತನು. ೧೨೫, ೨, ೧೦ ಎಂಬ ಮೂರು ಅಂಕೆಗಳ ಅರ್ಥ ಬಲ್ಲವರೊಬ್ಬರು ಅಲ್ಲಿರದಿದ್ದರೆ ಏನಾಗುತ್ತಿದ್ದಿತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಮನೆಯ ತುದಿಯಲ್ಲಿ

ಕೇಬಲ್ಲಿನಲ್ಲಿಯೇ ಇಂಟರ್‌ನೆಟ್ಟು ಕೊಡುವ ಕಡೆಗಳಲ್ಲಿ ಇನ್ನೊಂದು ವಿಶೇಷವುಂಟು. ಇದಕ್ಕೆ ೧೯೯೭ರಲ್ಲಿ ಅಮೆರಿಕದಲ್ಲಿ 'ಡಾಕ್ಸಿಸ್' ಎಂಬ ನಿಯಮಾವಳಿಯ ಮೊದಲ ಆವೃತ್ತಿ ಹೊರಟಿತು. ಕಂಟ್ರೋಲ್ ರೂಮಿನ ಕಡೆಯಲ್ಲಿ 'ಸಿ.ಎಂ.ಟಿ.ಎಸ್.' ಎಂಬ ದೊಡ್ಡ ಯಂತ್ರ, ಮನೆಗಳಲ್ಲಿ ಮೋಡೆಮ್‌ಗಳು. ಕೆಳಮುಖವಾಗಿ ಬರುವುದು ಆ ಕೇಬಲ್ಲಿನ ಎಲ್ಲ ಮೋಡೆಮ್‌ಗಳಿಗೂ ಕೇಳಿಸುತ್ತದೆ. ಆದರೆ ಮೇಲ್ಮುಖವಾಗಿ ಒಂದು ಮೋಡೆಮ್ ಹೇಳಿದುದು ಪಕ್ಕದ ಮನೆಯ ಮೋಡೆಮ್‌ಗೆ ಕೇಳಿಸುವುದಿಲ್ಲ. ಸಾಧಾರಣ ಜಾಲದಲ್ಲಿ, ಐ.ಜಿ.ಎಂ.ಪಿ.ಯ ಎರಡನೆಯ ಆವೃತ್ತಿಯಂತೆ, ಒಬ್ಬನು "ಬೇಕು" ಎಂದುದನ್ನು ಕೇಳಿಸಿಕೊಂಡ ನೆರೆಯವನು "ನಾನು ಬೇರೆ ಹೇಳಬೇಕಾಗಿಲ್ಲ" ಎಂದು ಸುಮ್ಮನಾಗುತ್ತಾನೆ. ಕೇಬಲ್ಲಿನಲ್ಲಿ ಮನೆಮನೆಗಳ ನಡುವೆ ಈ ಮಿತವ್ಯಯ ತಾನಾಗಿ ನಡೆಯದು. ಅದನ್ನೆಲ್ಲ ತಿಳಿದು ನಡೆಸುವ ಭಾರ ಸಿ.ಎಂ.ಟಿ.ಎಸ್.ನದು. ೨೦೦೬ರ ಮೂರನೆಯ ಆವೃತ್ತಿಯಲ್ಲಿ ಪ್ರತಿ ಗುಂಪಿನ ಪ್ರವಾಹಕ್ಕೂ ಒಂದು ಚೀಟಿ ಅಂಟಿಸುವ ಪದ್ಧತಿ ಬಂದಿತು. ತನಗೆ ಹೇಳಿದ ಚೀಟಿಯನ್ನು ಮಾತ್ರ ಮೋಡೆಮ್ ಒಳಗೆ ಬಿಡುತ್ತದೆ, ಉಳಿದುದು ಕಿವಿಗೆ ಬಿದ್ದರೂ ಬಿಟ್ಟುಬಿಡುತ್ತದೆ.

ಎಲ್ಲ ಮೋಡೆಮ್‌ಗಳಿಗೂ ಹೇಳಬೇಕಾದ ಮಾತುಗಳೂ ಇವೆ: ಕಾಲವನ್ನು ಸರಿಹೊಂದಿಸಿಕೊಳ್ಳುವುದು, ಮೇಲಕ್ಕೆ ಮಾತನಾಡಲು ಯಾರ ಸರದಿ ಯಾವಾಗ ಎಂಬುದು. ಇವಕ್ಕೆ ೦೧-ಇ೦-೨ಎಫ್-೦೦-೦೦-೦೧ ಎಂಬ ಪ್ರತ್ಯೇಕ ಹೊದಿಕೆಯ ವಿಳಾಸವುಂಟು. ಇದು ೦೧-೦೦-೫ಇ ಎಂಬ ತಲೆಬರಹದ ಸಾಲಿಗೆ ಸೇರದು; ಆದುದರಿಂದ ಚಾನೆಲ್ಲುಗಳ ಗುಂಪು ಇದರೊಡನೆ ಎಂದಿಗೂ ಬೆರೆಯುವುದಿಲ್ಲ. ಎರಡೂ ೦೧ ಎಂದು ಆರಂಭವಾಗುವುದನ್ನು ನೋಡಿದಿರಷ್ಟೆ? ಈಥರ್‌ನೆಟ್ಟಿನ ವಿಳಾಸದಲ್ಲಿ ಮೊದಲ ಬೈಟಿನ ಕೊನೆಯ ಬಿಟ್ ಒಂದಾಗಿದ್ದರೆ ಅದು ಗುಂಪಿನದೆಂದು ಅರ್ಥ.

ಮುಕ್ತಾಯ

ಇಷ್ಟು ಸೊಗಸಾದ ಪದ್ಧತಿ ಇಡೀ ಲೋಕದ ಇಂಟರ್‌ನೆಟ್ಟಿಗೆ ಏಕೆ ಹಬ್ಬಲಿಲ್ಲವೆಂದು ಯಾರಾದರೂ ಕೇಳಬಹುದು. ಪ್ರಯತ್ನ ನಡೆಯದೆ ಇರಲಿಲ್ಲ. ೧೯೯೨ರ ಮಾರ್ಚಿಯಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ನಡೆದ ತಜ್ಞರ ಸಭೆಯ ಧ್ವನಿಯನ್ನು ಈ ರೀತಿಯಲ್ಲಿ ದೂರದ ಸ್ಥಳಗಳಿಗೆ ಕಳುಹಿಸಿದರು. ಅಲ್ಲಿಂದ 'ಎಂಬೋನ್' ಎಂಬ ಪ್ರಯೋಗಜಾಲ ಬೆಳೆಯಿತು. ಆದರೆ ಬೇರೆ ಬೇರೆ ಒಡೆಯರ ಜಾಲಗಳನ್ನು ದಾಟುವಾಗ ಪ್ರತಿ ಎಲ್ಲಿ ಎರಡಾಗಬೇಕು, ಅದರ ಖರ್ಚು ಯಾರದು, ಯಾರ ಬೇಡಿಕೆಯನ್ನು ಯಾರು ನಂಬಬೇಕು ಎಂಬ ವಿಚಾರಗಳಲ್ಲಿ ಒಮ್ಮತವಾಗುವುದು ಕಷ್ಟವಾಯಿತು. ಒಬ್ಬರ ಆಡಳಿತಕ್ಕೆ ಒಳಪಟ್ಟ ಜಾಲಗಳಲ್ಲಿ, ಕೇಬಲ್ ಕಂಪೆನಿಗಳಲ್ಲಿ, ಷೇರುಪೇಟೆಗಳ ದರ ತಿಳಿಸುವ ಜಾಲಗಳಲ್ಲಿ ಅದು ಚೆನ್ನಾಗಿ ನೆಲೆನಿಂತಿತು. ಹಂಚಿಕೆಯ ನ್ಯಾಯಕ್ಕೆ ಯಂತ್ರವೊಂದೇ ಸಾಲದು, ಒಪ್ಪಂದವೂ ಬೇಕೆಂಬುದಕ್ಕೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಕೇಬಲ್ ಕಛೇರಿಗಳಲ್ಲಿ ಕೆಲಸ ಮಾಡುವ ನನ್ನ ಗೆಳೆಯರಿಗೆ ಮಾತ್ರ ಕೊನೆಯದಾಗಿ ಎರಡು ಮಾತು. ಚಾನೆಲ್ಲುಗಳಿಗೆ ಅಂಕೆ ಕೊಡುವಾಗ ಒಂದು ಪುಸ್ತಕವಿಡಿ. ೨೩೯ರೊಳಗೇ ಇರಿ, ಎರಡನೆಯ ಅಂಕೆ ೧ಕ್ಕೂ ೧೨೭ಕ್ಕೂ ನಡುವೆ ಇರಲಿ, ಒಂದು ವಿಳಾಸವನ್ನು ಎರಡು ಚಾನೆಲ್ಲಿಗೆ ಕೊಡಬೇಡಿ. ನಿಮ್ಮ ಜಾಲದಲ್ಲಿ "ಯಾರಿಗೆ ಏನು ಬೇಕು?" ಎಂದು ಕೂಗುವ ಯಂತ್ರ ಯಾವುದೆಂಬುದನ್ನು ತಿಳಿದು ಆ ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಡಿ. ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಹೇಳಲು ಯತ್ನಿಸಿದ್ದೇನೆ. ಈ ವಿಷಯದಲ್ಲಿ ಹೆಚ್ಚು ಅರಿವುಳ್ಳ ಅಧ್ಯಾಪಕರೂ ಹಿರಿಯ ವಿದ್ಯಾರ್ಥಿಗಳೂ ಆರನೆಯ ಆವೃತ್ತಿಯ ವಿಳಾಸಗಳನ್ನು ಕುರಿತು ಮುಂದಿನ ಸಂಚಿಕೆಗೆ ಬರೆದಾರೆಂದು ಹಾರೈಸುತ್ತೇನೆ.